ಮಾವನವರ ಕಾಲಿನಿಂದ ಚೆಂಡು ಕಸಿದದ್ದು

ಈ ಸಂಗತಿಯ ಕೆಲವು ವಿವರಗಳು ನನಗೆ ತಪ್ಪಾಗಿ ನೆನಪಿರಬಹುದು. ಇಸವಿ 2003 ಇರಬೇಕು. ನವನಗರದ ಮನೆಗೆ ಬಂದ ಮೇಲಿನದಂತೂ ಹೌದು. ಕಂಪ್ಯೂಟರಿಗೆ ಧೂಳು ಕೂಡಬಾರದೆಂದು ಅತ್ತೆ ಹೊದಿಸಿದ್ದ ಇಳಕಲ್ ಸೀರೆಯ ತುಂಡು ಕೆಂಪೋ ಹಸಿರೋ ಹೇಳಲಾರೆ. ಆದರೆ ನನಗೆ ಅನ್ಯಾಯವಾಯಿತು ಎಂಬುದರಲ್ಲಿ ಮಾತ್ರ ಸಂಶಯವಿಲ್ಲ!

ಆ ಕಂಪ್ಯೂಟರ್ ಬಂದದ್ದು ನನ್ನ ಎಂ.ಫಿಲ್. ಪ್ರಬಂಧಕ್ಕೆ. ವಿಷಯ: ‘ಗೌರವದ ಆಚರಣೆಗಳು: ಒಂದು ವೈಚಾರಿಕ ವಿಮರ್ಶೆ’. ಆದರೆ ಸಂಜೆಯಾದರೆ ಅದರ ಮುಂದೆ ಕೂಡುತ್ತಿದ್ದವನು ನನ್ನ ಗಂಡನ ತಮ್ಮ ಮಲ್ಲು. ಕಾಲೇಜಿನಿಂದ ಬಂದವನೇ ಫುಟ್‌ಬಾಲ್ ಆಡುತ್ತಿದ್ದ, ಖುರ್ಚಿಯಿಂದ ಏಳದೆ. ಆ ಆಟದ ಸಿ.ಡಿ. ವರ್ಷಕ್ಕೊಂದು ಹೊಸದು ಬರುತ್ತಿತ್ತು. ಹೋದ ವರ್ಷ ಗುಂಡಿ ಒತ್ತಿದರೆ ಚೆಂಡು ಹೋಗುತ್ತಿತ್ತು. ಈ ವರ್ಷ ಬೇರೆಯೇ ಗುಂಡಿ, ಅದನ್ನು ಎಷ್ಟು ಹೊತ್ತು ಒತ್ತಿ ಹಿಡಿಯುತ್ತೀರೋ ಅಷ್ಟು ದೂರ. ಕಲಿತದ್ದನ್ನು ಮರೆಸುವುದಕ್ಕೆ ಹೊಸ ಸೌಲಭ್ಯ ಎಂದು ಹೆಸರು! ನಮ್ಮ ಪಠ್ಯಕ್ರಮವೂ ಹೀಗೇ ಬದಲಾಗುತ್ತಿತ್ತು, ಆದರೆ ಅದಕ್ಕೆ ಯಾರೂ ಚಪ್ಪಾಳೆ ಹೊಡೆಯುತ್ತಿರಲಿಲ್ಲ.

ಪ್ರಬಂಧ ಒಪ್ಪಿಸುವ ದಿನ ಹತ್ತಿರ ಬಂತು. ಸಂಜೆ ಕಂಪ್ಯೂಟರ್ ಬಿಟ್ಟುಕೊಡು ಎಂದೆ. ಒಂದು ಪಂದ್ಯ ಗೆದ್ದು ತಗೊಳ್ಳಿ ಎಂದ. ನಾನು ಗೆದ್ದರೆ ಪ್ರಬಂಧ ಮುಗಿಯುವವರೆಗೆ ಸಂಜೆಗಳು ನನ್ನವು. ಸೋತರೆ ಕೈಬರಹವನ್ನು ಬಜಾರಿನ ಟೈಪಿಂಗ್ ಅಂಗಡಿಗೆ ಕೊಡಬೇಕು. ಆ ಅಂಗಡಿಯವರು ಹಿಂದೊಮ್ಮೆ ನನ್ನ ಅಕ್ಷರ ನೋಡಿ, ಇದು ಯಾವ ಭಾಷೆ ಎಂದು ಕೇಳಿದ್ದರು. ಹೀಗಾಗಿ ಗೆಲ್ಲಲೇಬೇಕಿತ್ತು. ಮಧ್ಯಾಹ್ನ ಮಲ್ಲು ಇಲ್ಲದಾಗ ಗುಟ್ಟಾಗಿ ಅಭ್ಯಾಸ ಮಾಡಿದೆ. ಬೆರಳು ಪಳಗಿದವು. ಗೆಲುವು ನನ್ನದೇ ಎಂದು ನಂಬಿದೆ.

ಪಂದ್ಯದ ದಿನ ಮಲ್ಲು ಇನ್ನೊಂದು ಹೊಸ ಸೌಲಭ್ಯ ಹೊರತೆಗೆದ. ಬೇಕಾದ ಮುಖದ ಆಟಗಾರನನ್ನು ನಾವೇ ಮಾಡಿಕೊಳ್ಳಬಹುದಂತೆ! ಎತ್ತರ, ಮೂಗು, ಬಿಳಿ ಮೀಸೆ ಆರಿಸುತ್ತ ಹೋದ. ಕೊನೆಗೆ ಪರದೆಯ ಮೇಲೆ ಚಡ್ಡಿ ಹಾಕಿಕೊಂಡು ನಿಂತವರು ನನ್ನ ಮಾವನವರು. ಖರೇ ಮಾವನವರು ಆಗ ಇಳಕಲ್ಲಿನಲ್ಲಿ ಮಗ್ಗದ ಮುಂದೆ ಕೂತಿದ್ದರು, ಇದೇನೂ ತಿಳಿಯದೆ. ಅವರ ಬಿಳಿ ಟೊಪ್ಪಿಗೆ ಮಾತ್ರ ಸಿಗಲಿಲ್ಲ. ಅದು ಮುಂದಿನ ವರ್ಷದ ಸಿ.ಡಿ.ಯಲ್ಲಿ ಬರುತ್ತದೆ ಎಂದು ಮಲ್ಲು ಭರವಸೆ ಕೊಟ್ಟ.

ಅತ್ತೆ ಹಿಂದೆ ಕೂತು ಅಕ್ಕಿ ಹಸನು ಮಾಡುತ್ತಿದ್ದರು. ತಲೆಯೆತ್ತಿ ಗಂಡನನ್ನು ನೋಡಿ, “ಭಾಳ ಸೊರಗ್ಯಾರ” ಎಂದರು.

ಮೊದಲ ಗೋಲು ನನ್ನದು. ಆಮೇಲೆ ಮಾವನವರು ಚೆಂಡು ತಂದರು. ನನ್ನ ಆಟಗಾರ ಜಾರಿ ಬಂದು ಕಾಲು ಚಾಚಿದ. ಮಾವನವರು ಹುಲ್ಲಿನ ಮೇಲೆ ಬೋರಲು ಬಿದ್ದರು.

“ಮಾವಗ ಒದ್ದೆಲ್ಲವಾ ಸುಧಾ,” ಎಂದು ಅತ್ತೆ ಮೊರ ಕೆಳಗಿಟ್ಟರು. “ಮುಟ್ಟಿ ನಮಸ್ಕಾರ ಮಾಡು.”

“ಅದು ಬರೇ ಚಿತ್ರ ಅತ್ತಿ.”

“ದೇವರ ಫೋಟೊನೂ ಚಿತ್ರನ. ಅದಕ್ಕ ಕಾಲು ತಾಗಿದ್ರ ಸುಮ್ಮ ಕೂಡ್ತಿ ಏನು?”

ನನ್ನ ವೈಚಾರಿಕ ವಿಮರ್ಶೆಯ ಯಾವ ಅಧ್ಯಾಯದಲ್ಲೂ ಇದಕ್ಕೆ ಉತ್ತರ ಇರಲಿಲ್ಲ. ಗುಂಡಿ ಬಿಟ್ಟು, ಪರದೆ ಮುಟ್ಟಿ, ಕಣ್ಣಿಗೆ ಒತ್ತಿಕೊಂಡೆ. ಅಷ್ಟರಲ್ಲಿ ಮಲ್ಲು, ನಾನು ಕೆಡವಿದ ತಪ್ಪಿಗೆ ತನಗೆ ಸಿಕ್ಕ ಫ್ರೀ ಕಿಕ್ ಹೊಡೆದ. ಗೋಲು!

ಅವನಿಗೆ ದಾರಿ ಸಿಕ್ಕಿತು. ಅಲ್ಲಿಂದ ಚೆಂಡು ಮಾವನವರ ಕಾಲು ಬಿಟ್ಟು ಅಲುಗಲಿಲ್ಲ. ಅವನ ತಂಡದ ಉಳಿದವರೆಲ್ಲ ಮೈದಾನದಲ್ಲಿ ಬೆಪ್ಪಾಗಿ ನಿಂತಿದ್ದರು. ನಾನು ಹತ್ತಿರ ಹೋದರೆ ಸಾಕು, “ಬರ್ರಿ ವೈನಿ, ಅಪ್ಪಾರನ್ನ ಇನ್ನೊಮ್ಮೆ ಕೆಡವ್ರಿ” ಎನ್ನುತ್ತಿದ್ದ. ಇದು ಮೋಸ ಎಂದೆ. ಇದು ಹೊಸ ಸೌಲಭ್ಯ ಎಂದ.

ಆಟ ಮುಗಿಯಲು ಬಂದಾಗಲೂ ಇಬ್ಬರೂ ಸಮ. ಮಾವನವರು ಏದುಸಿರು ಬಿಡುತ್ತ ನಿಧಾನವಾಗಿ ಓಡುತ್ತಿದ್ದರು. ದಣಿವನ್ನೂ ಆ ವರ್ಷವೇ ಸೇರಿಸಿದ್ದರಂತೆ. ನಾನು ಕಾಲು ಚಾಚಿದೆ. ಈ ಸಲ ತಾಗಿದ್ದು ಮೊದಲು ಚೆಂಡಿಗೆ, ಆಮೇಲೆ ಮಾವನವರಿಗೆ. ಅವರು ಬಿದ್ದರು, ರೆಫರಿ ಸೀಟಿ ಊದಲಿಲ್ಲ. ಮಲ್ಲುವಿನ ಗೋಲ್‌ಕೀಪರ್ ಎಲ್ಲೋ ಮುಂದೆ ಬಂದು ನಿಂತಿದ್ದ, ಬಲೆ ಖಾಲಿ. ಗುಂಡಿ ಒತ್ತುವುದಷ್ಟೇ ಬಾಕಿ.

ನನ್ನ ಕೈ ಪರದೆಗೆ ಹೋಯಿತು. ಅಲ್ಲಿಂದ ಕಣ್ಣಿಗೆ ಹೋಯಿತು.

ಮಾವನವರು ಎದ್ದರು. ಚೆಂಡು ತಗೊಂಡರು. ನಾನು ಗಾಬರಿಯಲ್ಲಿ ಹೋದ ವರ್ಷದ ಗುಂಡಿ ಒತ್ತುತ್ತಿರುವಾಗ, ದಣಿದ ಆ ಹಿರಿಯರು ಮೈದಾನ ಪೂರ್ತಿ ಓಡಿ ಗೋಲು ಹೊಡೆದರು!

ಪ್ರಬಂಧ ಬಜಾರಿಗೆ ಹೋಯಿತು.

ಅತ್ತೆಯ ಬಲವಂತದ ನಮಸ್ಕಾರದಿಂದಲೇ ಸೋತೆ ಎಂದು ಅಂದಿನಿಂದ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಮೊನ್ನೆ ಮಲ್ಲು ಬಂದಾಗ ತಕರಾರು ತೆಗೆದ. ಕಡೆಯ ಸಲ ಅವ್ವ ಅಲ್ಲಿರಲೇ ಇಲ್ಲ, ಕುಕ್ಕರಿನ ಸೀಟಿ ಕೇಳಿ ಅಡುಗೆಮನೆಗೆ ಹೋಗಿದ್ದಳು ಎಂದ. ಎಂಥ ಸುಳ್ಳು! ಅವರು ಮೊರ ಕೆಳಗಿಟ್ಟ ಸಪ್ಪಳ ಇನ್ನೂ ನನ್ನ ಕಿವಿಯಲ್ಲಿದೆ. ಅದು ಮೊದಲ ಸಲದ್ದೋ ಕಡೆಯ ಸಲದ್ದೋ, ಅದೊಂದು ಮಾತ್ರ ಗೊತ್ತಾಗುತ್ತಿಲ್ಲ. ಅದಕ್ಕೇ ಅತ್ತೆಯನ್ನೇ ನೇರವಾಗಿ ಕೇಳಿದೆ:

“ಅತ್ತಿ, ಕಡೀ ಸಲಾನೂ ನಮಸ್ಕಾರ ಮಾಡಂತ ನೀವ ಹೇಳಿದ್ರಿ, ಹೌದಲ್ರಿ?”

ಅತ್ತೆ ಇನ್ನೂ ಅಕ್ಕಿಯೊಳಗಿನ ಹರಳು ಆರಿಸುತ್ತಲೇ ಇದ್ದಾರೆ.