ಸಲಾಮಿ ರೂಪಾಯಿಯ ಚಿತ್ರ

ಬೆಳಗಿನ ಚಹಾ ಇನ್ನೂ ಬಸಿಯಲ್ಲಿ ಆರುತ್ತಿದ್ದಾಗಲೇ ಮಸ್ಕಿಯ ಜಿಲಾನಿಸಾಬರ ಮೊಬೈಲಿಗೆ ಸಿಂಧನೂರಿನಿಂದ ಒಂದು ಸಂದೇಶ ಬಂದು ಬಿತ್ತು. ‘ನೀವು ಕಳಿಸಿದ ಚಿತ್ರದಲ್ಲಿ ಚಾರ್ಮಿನಾರ್ ಕಾಣಲಿಲ್ಲ, ನಿಮ್ಮ ಮನೆಯ ಫ್ಯಾನು ಕಂಡಿತು. ಅದರ ಒಂದು ರೆಕ್ಕೆ ಸೊಟ್ಟಗಿದೆ. ಇಂದು ಸಂಜೆ ಐದರೊಳಗೆ ಸ್ಪಷ್ಟ ಚಿತ್ರ ಬರದಿದ್ದರೆ ನಿಮ್ಮ ಅರ್ಧ ಪುಟವನ್ನು ಬೇರೆಯವರಿಗೆ ಕೊಡಬೇಕಾದೀತು.’

ಕಳಿಸಿದವರು ಅಮರೇಶಪ್ಪ, ಇತಿಹಾಸದ ನಿವೃತ್ತ ಮೇಷ್ಟ್ರು. ಸಿಂಧನೂರು, ಲಿಂಗಸುಗೂರು, ಮಸ್ಕಿಯ ನಾಣ್ಯಪ್ರಿಯರನ್ನೆಲ್ಲ ಒಂದು ಬಳಗವಾಗಿ ಕಟ್ಟಿ, ಅವರ ನಾಣ್ಯಗಳ ಚಿತ್ರಪುಸ್ತಕವೊಂದನ್ನು ಅಚ್ಚಿಗೆ ಸಿದ್ಧಪಡಿಸುತ್ತಿದ್ದವರು. ಆ ಬಳಗದಲ್ಲಿ ಜಿಲಾನಿಸಾಬರು ಯಾವಾಗಲೂ ಹಿಂದಿನ ಸಾಲಿನ ಕುರ್ಚಿ. ಉಳಿದವರ ಬಳಿ ಆಲ್ಬಂಗಟ್ಟಲೆ ನಾಣ್ಯಗಳಿದ್ದವು. ಇವರ ಬಳಿ ಹೇಳಿಕೊಳ್ಳುವಂಥದ್ದು ಒಂದೇ ಒಂದು, ನಿಜಾಮರ ಕಾಲದ, ಚಾರ್ಮಿನಾರ್ ಅಚ್ಚಿನ, ‘ಹಾಲಿ’ ಎಂದು ಕರೆಯುತ್ತಿದ್ದ ಬೆಳ್ಳಿ ರೂಪಾಯಿ. ಮೂವತ್ತೊಂದು ವರ್ಷಗಳ ಹಿಂದೆ, ನಿಕಾಹ್ ಮುಗಿದು ಮದುಮಗನಾಗಿ ಹಿರಿಯರಿಗೆ ಸಲಾಮು ಮಾಡಲು ಬಾಗಿದಾಗ, ಗುರುಗುಂಟಾದ ಮಾವ ಗೌಸ್‌ಸಾಬರು ರೇಷ್ಮೆ ಕರವಸ್ತ್ರದಲ್ಲಿ ಸುತ್ತಿ ಅಂಗೈಗಿಟ್ಟ ಸಲಾಮಿ ಅದು. ಇಂಥದ್ದು ಜಿಲ್ಲೆಯಲ್ಲಿ ಇನ್ನೊಂದಿಲ್ಲವೆಂದು ಅಂದು ಅವರು ಹಂದರಕ್ಕೆಲ್ಲ ಕೇಳುವಂತೆ ಹೇಳಿದ್ದರು. ಅವರ ಮಗಳು ಶಾಕೀರಾ ಆ ಮಾತನ್ನು ನೆಲಕ್ಕೆ ಬೀಳಗೊಡದೆ ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದಳು. ಗಂಡ ತಂದ ಬದನೆಕಾಯಿಯಲ್ಲಿ ಹುಳು ಕಂಡ ದಿನ ತಪ್ಪದೆ ಅದು ಹೊರಬರುತ್ತಿತ್ತು.

ಆದ್ದರಿಂದ ಆ ಸಂದೇಶವನ್ನು ಅವಳು ಗಂಡನ ಹೆಗಲ ಮೇಲಿಂದ ಬಗ್ಗಿ ಓದಿದ್ದು ಒಳ್ಳೆಯದಾಗಲಿಲ್ಲ.

“ನಮ್ಮ ಅಬ್ಬಾ ಅಂಥಾ ರೂಪಾಯಿ ಕೊಟ್ಟಾರ. ನಿಮಗ ಅದರದೊಂದು ಫೋಟೊ ತಗ್ಯಾಕ ಬರಂಗಿಲ್ಲ,” ಎಂದು ಅಷ್ಟೇ ಹೇಳಿ, ಬಸಿಯನ್ನು ಎತ್ತಿಕೊಂಡು ಒಳಗೆ ಹೋದಳು. ಬಸಿಯಲ್ಲಿ ಇನ್ನೂ ಅರ್ಧ ಚಹಾ ಇತ್ತು.

ಜಿಲಾನಿಸಾಬರು ಮೂವತ್ತು ವರ್ಷ ಮನೆಮನೆಗೆ ತಿರುಗಿ ಕರೆಂಟಿನ ಮೀಟರು ಓದಿ ನಿವೃತ್ತರಾದವರು. ಕತ್ತಲ ಮೂಲೆಗಳಲ್ಲಿ, ಜೇಡರ ಬಲೆಗಳ ಹಿಂದೆ, ಕಟ್ಟಿಗೆ ರಾಶಿಯ ಮೇಲೆ ಹತ್ತಿ ನಿಂತು ಅಂಕಿಗಳನ್ನು ಓದಿದ ಕಣ್ಣು ಅವರದು. ಅಂಥ ಕಣ್ಣಿಗೆ ಎರಡು ಬೆರಳಗಲದ ಬೆಳ್ಳಿಯೊಂದು ಮಣಿಯುತ್ತಿಲ್ಲವೆಂಬುದು ಅವರನ್ನು ಒಳಗೊಳಗೇ ಕೊರೆಯಿತು. ಮೇಜಿನ ಮೇಲಿಟ್ಟು ಟ್ಯೂಬ್‌ಲೈಟಿನ ಕೆಳಗೆ ತೆಗೆದರೆ ಚಾರ್ಮಿನಾರಿನ ನಡುವೆ ಒಂದು ಬಿಳಿ ಕಾಲುವೆ ಹರಿಯುತ್ತಿತ್ತು. ಬಗ್ಗಿ ಹತ್ತಿರದಿಂದ ತೆಗೆದರೆ ನಾಲ್ಕು ಮಿನಾರುಗಳ ಮಧ್ಯದಿಂದ ಅವರದೇ ಮೂಗಿನ ಎರಡು ಹೊಳ್ಳೆಗಳು ಗುಹೆಗಳಂತೆ ಇಣುಕುತ್ತಿದ್ದವು. ಅಂಗಳದ ಬಿಸಿಲಿಗೆ ಒಯ್ದರೆ ರೂಪಾಯಿ ಸಣ್ಣ ಸೂರ್ಯನಾಗಿ ಉರಿದು, ಪರದೆಯ ಮೇಲೆ ಬರಿಯ ಬೆಳಕೊಂದು ಉಳಿಯುತ್ತಿತ್ತು. ಬದುಕಿನಲ್ಲಿ ತೀರ ಹತ್ತಿರದಿಂದ ಕಂಡ ಮುಖಗಳು ನೆನಪಿನಲ್ಲಿ ಉಳಿಯುವಂತೆ, ಆಕಾರವಿಲ್ಲದೆ.

ಹನ್ನೊಂದರ ಹೊತ್ತಿಗೆ ಎಂಬತ್ತಾರು ಚಿತ್ರಗಳಾಗಿದ್ದವು. ಒಂದೂ ಕಳಿಸುವಂಥದ್ದಲ್ಲ. ಒಳಗಿಟ್ಟಿದ್ದ ಚಾರ್ಜರನ್ನು ತರಲೆಂದು ಎದ್ದು ಹೋಗಿ ಮರಳಿದ ಜಿಲಾನಿಸಾಬರು ಅಂಗಳದ ಬಾಗಿಲಲ್ಲೇ ಕಂಬವಾಗಿ ನಿಂತರು. ಪಕ್ಕದ ಮನೆಯ ಗುಲ್ಷನ್‌ಬೀ ಒಂದು ಕೈಯಲ್ಲಿ ಅವರ ರೂಪಾಯಿಯನ್ನೂ ಇನ್ನೊಂದರಲ್ಲಿ ಉಂಡೆಗಟ್ಟಿದ ಹುಣಸೆಹಣ್ಣನ್ನೂ ಹಿಡಿದು ನೀರಿನ ತೊಟ್ಟಿಯ ಬಳಿ ಕೂತಿದ್ದಳು. ಮುಂದೆ ಬೂದಿಯ ಬಟ್ಟಲು. ಕೈ ಕೆಳಗಿಳಿಯಲು ಒಂದು ಉಸಿರಿನಷ್ಟು ಹೊತ್ತು ಬಾಕಿ ಇತ್ತು. ಅರವತ್ತು ದಾಟಿದ ದೇಹ ಹಾಗೆ ಹಾರಬಲ್ಲದೆಂದು ಜಿಲಾನಿಸಾಬರಿಗೇ ಗೊತ್ತಿರಲಿಲ್ಲ.

ನಾಣ್ಯ ಉಳಿಯಿತು; ಬೂದಿಯೆಲ್ಲ ಅವರ ಗಡ್ಡಕ್ಕೆ ಬಂತು.

ಹಳೆಯ ನಾಣ್ಯದ ಸಂದುಗೊಂದಿನ ಕಪ್ಪು ಅದರ ವಯಸ್ಸು, ಅದನ್ನು ತಿಕ್ಕಿ ತೆಗೆದರೆ ಬೆಲೆಬಾಳುವುದೆಲ್ಲ ಹೋದಂತೆ ಎಂದು ಅವರು ಏದುಸಿರು ಬಿಡುತ್ತ ವಿವರಿಸಿದರು. ಗುಲ್ಷನ್‌ಬೀ ಪೂರ್ತಿ ಕೇಳಿಸಿಕೊಂಡಳು.

“ಜಿಲಾನಿ ಭಾಯ್, ನಾ ನಿಮ್ಮ ಗಡ್ಡ ತಿಕ್ಕಾಕ ಬಂದಿಲ್ಲ. ಪಾತ್ರಿ ಕರ್ರಗಿದ್ರ ತೊಳೀತಾರ. ಕರ್ರಗಿದ್ದಷ್ಟೂ ಕಿಮ್ಮತ್ತು ಅನ್ನೋದಾದ್ರ ನಮ್ಮನಿ ತವಾ ತಗೊಂಡು ಹೋಗ್ರಿ,” ಎಂದು ಬಟ್ಟಲನ್ನು ಎತ್ತಿಕೊಂಡು ಹೋದಳು. ಹೋದವಳು ಸುಮ್ಮನೆ ಮನೆ ಸೇರಲಿಲ್ಲ. ಜಿಲಾನಿಸಾಬರ ಮನೆಯಲ್ಲಿ ಯಾರೂ ಮುಟ್ಟಬಾರದ ಕಪ್ಪು ನಾಣ್ಯವೊಂದಿದೆಯೆಂದು ಕಂಡಕಂಡವರಿಗೆ ಹೇಳುತ್ತ ಹೋದಳು.

ಅದನ್ನು ಮೊದಲು ಕೇಳಿಸಿಕೊಂಡವರು ಎದುರುಮನೆಯ ಪಂಪಣ್ಣ. ಬಸ್ಸಿನ ಕಂಡಕ್ಟರಾಗಿದ್ದು ನಿವೃತ್ತರಾದ ಇವರಿಗೆ ಯಾರ ಕಷ್ಟವನ್ನು ಕಂಡರೂ ಅದರೊಳಗೆ ಹತ್ತಿ ಕೂರುವ ಅಭ್ಯಾಸ. ನಾಣ್ಯವನ್ನು ನೋಡಿ, ಎಂಬತ್ತಾರು ಚಿತ್ರಗಳನ್ನೂ ಒಂದೊಂದಾಗಿ ನೋಡಿ, ಬೆಳಕು ನೇರ ಬೀಳಬಾರದು, ಸುತ್ತಲಿಂದ ಹರಡಿಕೊಂಡು ಬರಬೇಕು ಎಂದು ತೀರ್ಪಿತ್ತರು. ಅದಕ್ಕೆ ಬೇಕಾದದ್ದು ಬಿಳಿಯ ಪೆಟ್ಟಿಗೆ. ಅದು ತಮ್ಮ ಮನೆಯಲ್ಲೇ ಇದೆ. ಐದು ನಿಮಿಷದಲ್ಲಿ ಅವರು ಹೊತ್ತು ತಂದದ್ದು ಥರ್ಮಾಕೋಲಿನ ದೊಡ್ಡ ಪೆಟ್ಟಿಗೆ. ಸಿಂಧನೂರು ಬಳಿಯ ಆರ್.ಎಚ್. ಕ್ಯಾಂಪಿನ ಮೀನಿನವರಿಂದ ಪುದೀನಾ ಬೆಳೆಸಲೆಂದು ತಂದಿಟ್ಟದ್ದು. ಪುದೀನಾ ಬೆಳೆದಿರಲಿಲ್ಲ, ಮೀನು ಹೋಗಿರಲಿಲ್ಲ.

“ವಾಸನಿ ಫೋಟೊದಾಗ ಬರಂಗಿಲ್ಲ, ಸುಮ್ಮನ ಕೂಡ್ರಿ ಸಾಬ್ರ,” ಎಂದರು ಪಂಪಣ್ಣ.

ಮಾತು ಸುಳ್ಳಾಗಿರಲಿಲ್ಲ. ಪೆಟ್ಟಿಗೆಯ ಎರಡು ಬದಿಗೆ ಕಿಟಕಿ ಕೊರೆದು, ಶಾಕೀರಾಳ ಬಿಳಿ ದುಪಟ್ಟಾ ಕಟ್ಟಿ, ಹೊರಗಿನಿಂದ ಎರಡು ಬಲ್ಬು ಉರಿಸಿದಾಗ ಒಳಗೆ ಹುಣ್ಣಿಮೆಯ ಮುನ್ನಿನ ಆಕಾಶದಂಥ ಮೆದುವಾದ ಬೆಳಕು ಹರಡಿತು. ಆಚೆಯ ಬಿಸಿಲು ನುಗ್ಗದಂತೆ ಕೋಣೆಯ ಕಿಟಕಿಗಳಿಗೆ ಕಂಬಳಿ ಹೊದಿಸಿದರು. ರೂಪಾಯಿ ಮೊದಲ ಬಾರಿಗೆ ಉರಿಯದೆ, ಕೋಪಿಸಿಕೊಳ್ಳದೆ ಮಲಗಿತ್ತು. ಜಿಲಾನಿಸಾಬರು ಉಸಿರು ಬಿಗಿಹಿಡಿದು ಬೆರಳನ್ನು ಪರದೆಯತ್ತ ತಂದರು.

ಆ ಓಣಿಯಲ್ಲಿ ಬೆಕ್ಕುಗಳು ಎಷ್ಟಿವೆಯೆಂದು ಅದುವರೆಗೆ ಯಾರೂ ಎಣಿಸಿರಲಿಲ್ಲ. ಕಂಬಳಿಯ ಸಂದಿನಿಂದ ಮೊದಲು ಒಂದು ಬಂತು, ಅದರ ಹಿಂದೆ ಮೂರು. ಮೊದಲನೆಯದು ಪೆಟ್ಟಿಗೆಯೊಳಗೆ ತಲೆ ತೂರಿಸಿ ಮೀನಿಗೆ ಬದಲು ಚಾರ್ಮಿನಾರನ್ನು ಕಂಡು ಬೆಚ್ಚಿತು. ಉಳಿದವು ಅದು ಬೆಚ್ಚಿದ್ದನ್ನು ಕಂಡು ಬೆಚ್ಚಿದವು. ಪೆಟ್ಟಿಗೆ ಮಗುಚಿತು, ಬಲ್ಬೊಂದು ಗೋಡೆಗೆ ಬಡಿದು ಸಿಡಿಯಿತು, ತಂತಿಗೆ ತಂತಿ ತಾಗಿ ಮನೆಯ ಫ್ಯೂಜು ಹಾರಿತು. ಕತ್ತಲಲ್ಲಿ ರೂಪಾಯಿ ಉರುಳುತ್ತ ಹೋದ ಸದ್ದನ್ನು ಜಿಲಾನಿಸಾಬರು ಎದೆಯ ಮೇಲೆ ಕೈಯಿಟ್ಟುಕೊಂಡು ಕೇಳಿದರು. ಅದು ಮೋರಿಯ ಕಡೆಗೆ ಹೋಗುತ್ತಿದೆಯೋ ಅಲಮಾರಿನ ಕಡೆಗೋ ತಿಳಿಯುವವರೆಗಿನ ಆ ಎರಡು ಕ್ಷಣ ಅವರ ಪಾಲಿಗೆ ಒಂದು ಇಡೀ ಮುಂಗಾರಿನಷ್ಟು ಉದ್ದವಾಗಿತ್ತು.

ಅಲಮಾರಿನ ಕಡೆಗೆ ಹೋಗಿತ್ತು. ಅದನ್ನು ಹೊರತೆಗೆಯಲು ಅಲಮಾರು ಸರಿಸಬೇಕು, ಆಮೇಲೆ ನಾಣ್ಯ ಜಾರಿ ಬಿದ್ದ ಸಂದಿನ ಮೇಲಿನ ಸಡಿಲ ಶಹಾಬಾದ್ ನೆಲಗಲ್ಲೊಂದನ್ನು ಎಬ್ಬಿಸಬೇಕು. ಪಂಪಣ್ಣ ಮನೆಗೋಡಿ ಹಾರೆ ತಂದರು.

ಮಸ್ಕಿಯ ನೆಲ ಹಳೆಯದು. ಎಲ್ಲಿ ಅಗೆದರೂ ಏನಾದರೊಂದು ಸಿಕ್ಕೀತೆಂಬ ನಂಬಿಕೆ ಅಲ್ಲಿಯವರಿಗೆ ತಾಯಹಾಲಿನೊಂದಿಗೇ ಬಂದಿರುತ್ತದೆ. ಕಿಟಕಿಗಳಿಗೆ ಕಂಬಳಿ, ಹಗಲಲ್ಲೇ ಕದ ಮುಚ್ಚಿದ ಮನೆ, ಯಾರೂ ಮುಟ್ಟಬಾರದ ಕಪ್ಪು ನಾಣ್ಯ, ಒಳಗಿನಿಂದ ಹಾರೆಯ ಸದ್ದು. ಇನ್ನು ಹೇಳುವುದೇನು ಉಳಿದಿತ್ತು? ಮೂರು ಗಂಟೆಗೆ ಜಿಲಾನಿಸಾಬರ ಮನೆಯಲ್ಲಿ ಒಂದು ಹೊನ್ನಿನ ಕೊಡ ಸಿಕ್ಕಿದೆಯೆಂದಿದ್ದ ಸುದ್ದಿ ಮೂರೂವರೆಗೆ ಏಳು ಕೊಡಗಳಾಯಿತು. ಕಟ್ಟೆಯ ಮೇಲೆ ಜಾಗ ಸಾಲದೆ ಜನ ಎದುರಿನ ಟ್ರ್ಯಾಕ್ಟರಿನ ಮೇಲೆ ಹತ್ತಿದರು. ಕೊಡ ಹೊರಗೆ ಬಂದರೆ ಮೊದಲು ತನಗೇ ತೋರಿಸಬೇಕೆಂದು ಗುಲ್ಷನ್‌ಬೀ ಬಾಗಿಲಿಗೆ ಒರಗಿ ಕೂತಳು.

ನಾಲ್ಕೂಕಾಲಿಗೆ ಬಾಗಿಲು ತಟ್ಟಿದ ಸದ್ದಿಗೆ ತೆರೆದರೆ, ಹೊಸ್ತಿಲಲ್ಲಿ ಖಾಕಿ ನಿಂತಿತ್ತು. ಪೊಲೀಸ್ ಪೇದೆ ವಿರೇಶ. ಎದುರಿಗೆ ಜಿಲಾನಿಸಾಬರು: ಗಡ್ಡದಲ್ಲಿ ಬೂದಿ, ಕೈಯಲ್ಲಿ ಹಾರೆ, ಬೆನ್ನ ಹಿಂದೆ ಕಿತ್ತ ನೆಲ, ಮನೆಯ ತುಂಬ ಮೀನಿನ ವಾಸನೆ.

“ಏನ್ ಅಗಿಯಾಕತ್ತೀರಿ ಸಾಬ್ರ?”

“ಫೋಟೊ ತಗ್ಯಾಕತ್ತೀನ್ರಿ,” ಎಂದರು ಜಿಲಾನಿಸಾಬರು.

ವಿರೇಶ ಗಡ್ಡದ ಬೂದಿಯನ್ನೂ ಹಾರೆಯನ್ನೂ ಇನ್ನೊಮ್ಮೆ ನೋಡಿದ. ಪುಣ್ಯಕ್ಕೆ ಶಾಕೀರಾ ಅಡ್ಡಬಂದು ಬೆಳಗಿನಿಂದ ನಡೆದದ್ದನ್ನೆಲ್ಲ ಒಪ್ಪಿಸಿದಳು. ನಿಕಾಹಿನ ಸಲಾಮಿಯಿಂದ ಆರಂಭಿಸಿದ್ದರಿಂದ ತುಸು ತಡವಾಯಿತು. ವಿರೇಶ ಅಲಮಾರಿನ ಅಡಿಯ ತಗ್ಗಿಗೆ ಟಾರ್ಚು ಬಿಟ್ಟ. ಅಲ್ಲಿದ್ದದ್ದು ಅಂಗಿಯ ಒಂದು ಗುಂಡಿ, ಎರಡು ಜಿರಳೆ, ಒಂದು ರೂಪಾಯಿ. ಹೊರಗಿನ ಜನಕ್ಕೆ ಅಷ್ಟನ್ನೇ ತಿಳಿಸಿದ. ಜಿರಳೆಗಳ ಬಗ್ಗೆ ನಂಬಿದರು, ಉಳಿದದ್ದನ್ನು ನಂಬಲಿಲ್ಲ.

ಗಡಿಯಾರ ನಾಲ್ಕೂ ಮುಕ್ಕಾಲು ತೋರಿಸುತ್ತಿತ್ತು. ಕರೆಂಟಿಲ್ಲ, ಪೆಟ್ಟಿಗೆ ಮುರಿದಿದೆ. ಕೈಯಲ್ಲಿನ ರೂಪಾಯಿಯನ್ನು ನೋಡುತ್ತ ನೆಲದ ಮೇಲೆ ಕುಸಿದು ಕೂತ ಮುದುಕನನ್ನು ಕಂಡು ಪೇದೆಗೆ ಏನನ್ನಿಸಿತೋ, ಟೋಪಿ ತೆಗೆದಿಟ್ಟು ಪಕ್ಕದಲ್ಲಿ ಮಂಡಿಯೂರಿದ.

“ಕಳವು ಆದ ಮನ್ಯಾಗ ನಾವು ಹೆಜ್ಜಿ ಹೆಂಗ ಹುಡುಕ್ತೀವಿ ಗೊತ್ತೇನ್ರಿ? ಮ್ಯಾಲಿಂದ ಬೆಳಕು ಬಿಟ್ರ ಏನೂ ಕಾಣಂಗಿಲ್ಲ. ಟಾರ್ಚು ನೆಲಕ್ಕ ಹಚ್ಚಿ, ಅಡ್ಡ ಬಿಡಬೇಕು. ಧೂಳಿನಾಗಿನ ಬೆರಳ ಗುರ್ತು ಸೈತ ಎದ್ದು ನಿಂದರ್ತೈತಿ.”

ಅವನು ರೂಪಾಯಿಯನ್ನು ನೆಲದ ಕಲ್ಲಿನ ಮೇಲಿರಿಸಿ, ಟಾರ್ಚನ್ನು ಕಲ್ಲಿಗೆ ತಾಗಿಸಿ, ನಾಣ್ಯದ ಅಂಚಿನಿಂದ ಒಂದು ಗೇಣು ದೂರದಲ್ಲಿ ಅಡ್ಡ ಹಿಡಿದ. ಪಂಪಣ್ಣ ಎದುರಿಗೆ ಬಿಳಿ ಕಾಗದ ಹಿಡಿದರು. ಆಗ ಒಂದು ಪವಾಡ ನಡೆಯಿತು. ಬೆಳ್ಳಿಯ ಬಯಲಿನಿಂದ ಚಾರ್ಮಿನಾರ್ ಮೆಲ್ಲನೆ ಮೇಲೆದ್ದಿತು. ಪ್ರತಿ ಕಮಾನಿಗೂ ಅದರದೇ ನೆರಳು, ಪ್ರತಿ ಅಕ್ಷರಕ್ಕೂ ಅದರದೇ ಮೈ. ಒಂದು ಊರು ಮುಂಜಾವದಲ್ಲಿ ಎಚ್ಚರಗೊಂಡಂತಿತ್ತು. ಜಿಲಾನಿಸಾಬರು ಮೊಬೈಲು ಎತ್ತಿದರು. ಮುಂಬದಿ, ಹಿಂಬದಿ, ನಿಲ್ಲಿಸಿ ಅಂಚು: ಮೂರೇ ಚಿತ್ರ. ‘ಗುರುಗುಂಟಾದ ಗೌಸ್‌ಸಾಬರು ಅಳಿಯ ಜಿಲಾನಿಸಾಬರಿಗೆ ಪ್ರೀತಿಯಿಂದ ನೀಡಿದ್ದು’ ಎಂದು ಅಡಿಬರಹ ಬರೆದು, ಐದಕ್ಕೆ ಎರಡು ನಿಮಿಷವಿರುವಾಗ ಕಳಿಸಿದರು.

ಐದೂವರೆಗೆ ಉತ್ತರ ಬಂತು. ಶಾಕೀರಾ ಗಂಡನ ಕೈಯಿಂದ ಮೊಬೈಲು ಕಸಿದು ಜೋರಾಗಿ ಓದಿದಳು: ‘ಅತ್ಯುತ್ತಮ ಚಿತ್ರಗಳು. ಅರ್ಧ ಪುಟ ಸಾಲದು, ಇಡೀ ಪುಟ ಕೊಡುತ್ತಿದ್ದೇವೆ.’ ಇಡೀ ಪುಟವೆಂಬುದು ಅವಳ ಹಿಂದೆಯೇ ಓಣಿಗಿಳಿಯಿತು. ತನ್ನ ಅಬ್ಬಾನ ರೂಪಾಯಿಯ ಕತೆ ಹೇಳುತ್ತ ಅವಳು ಸಕ್ಕರೆ ಹಂಚತೊಡಗಿದಳು. ಗುಲ್ಷನ್‌ಬೀ ಎರಡು ಸಲ ಕೈಯೊಡ್ಡಿದಳು.

ಮೊಬೈಲು ಜಿಲಾನಿಸಾಬರ ಕೈಗೆ ಮರಳಿದ ಕೂಡಲೇ ಮೊಳಗಿತು. ಅಮರೇಶಪ್ಪ ಮೇಷ್ಟ್ರು ಖುದ್ದಾಗಿ ಮಾತಾಡಿದರು. ಇಷ್ಟು ವರ್ಷಗಳಲ್ಲಿ ಇಂಥ ನಿಚ್ಚಳವಾದ ನಾಣ್ಯಚಿತ್ರ ನೋಡಿಲ್ಲವೆಂದರು. ಮೈಮೇಲಿನ ಸೂಜಿಮೊನೆಯಂಥ ತೂತುಗಳೂ ಎಣಿಸುವಷ್ಟು ಸ್ಪಷ್ಟವಾಗಿವೆ, ಅಂಚಿನ ಸುತ್ತ ಹಾಯ್ದ ಬೆಸುಗೆಯ ಗೆರೆಯಂತೂ ಕನ್ನಡಿಯಲ್ಲಿ ಕಂಡಂತಿದೆ ಎಂದರು. ಎಲ್ಲ ನಿಮ್ಮ ದುವಾ ಎಂದು ಜಿಲಾನಿಸಾಬರು ಹಿಗ್ಗಿದರು. ಹಿಗ್ಗಿದ ಮೇಲೆ, ತೂತು ಯಾಕಿವೆಯೆಂದು ಸುಮ್ಮನೆ ಕೇಳಿದರು.

“ಟಂಕಸಾಲ್ಯಾಗ ಅಚ್ಚು ಒತ್ತಿದ್ರ ತೂತು ಬೀಳಂಗಿಲ್ಲ ಸಾಬ್ರ. ಇದು ಯಾರೋ ಸಾಚಿನಾಗ ಎರಕ ಹೊಯ್ದದ್ದು. ನಕಲಿ ರೂಪಾಯಿ.”

ಮೇಷ್ಟ್ರು ಇನ್ನೂ ಹೇಳುತ್ತಲೇ ಇದ್ದರು. ಇವರ ಮಾತು ನಂಬಿ, ಮಸುಕಾಗಿ ಬಂದರೂ ಅಸಲಿ ನಾಣ್ಯಗಳ ಸಾಲಿನಲ್ಲೇ ಹಾಕುವುದೆಂದು ಮೊದಲು ಅಂದುಕೊಂಡಿದ್ದರಂತೆ. ಒಂದಿಷ್ಟು ಸ್ಪಷ್ಟವಾಗಿರಲೆಂದು ಒತ್ತಾಯಿಸಿದ್ದು ಎಷ್ಟು ಒಳ್ಳೆಯದಾಯಿತು. ಈಗ ‘ನಕಲಿ ನಾಣ್ಯ ಗುರುತಿಸುವ ಬಗೆ’ ಎಂಬ ಪುಟಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೇಶದಲ್ಲೇ ಸಿಗಲಾರದು. ಬಾಣದ ಗುರುತು ಹಾಕಿ ತೂತುಗಳನ್ನು ತೋರಿಸಲಾಗಿದೆ.

ಹೆಸರುಗಳನ್ನಾದರೂ ಬಿಡಬೇಕೆಂದು ಜಿಲಾನಿಸಾಬರು ಬೇಡಿಕೊಂಡ ದನಿ ಅವರಿಗೇ ಬೇರೆಯವರದೆನಿಸಿತು.

“ಹೆಂಗ ಬಿಡೂದ್ರಿ? ಅಚ್ಚಿಗೆ ಹೋಗ್ಯಾವ. ನೀವ ಬರದ ಅಡಿಬರಹ, ಒಂದು ಅಕ್ಷರ ತಿದ್ದಿಲ್ಲ,” ಎಂದು ಮೇಷ್ಟ್ರು ಅಭಿಮಾನದಿಂದ ಹೇಳಿ ಫೋನು ಇಟ್ಟರು.

ಹೊರಗೆ ಓಣಿ ನಗುತ್ತಿತ್ತು. ಇಳಿಬಿಸಿಲು ಹೊಸ್ತಿಲು ದಾಟಿ ಕಿತ್ತ ಕಲ್ಲಿನ ಮೇಲೆ ಅಡ್ಡಲಾಗಿ ಮಲಗಿತ್ತು. ಅದರಲ್ಲಿ ನೆಲದ ಪ್ರತಿಯೊಂದು ಒಡಕೂ ಕಾಣುತ್ತಿತ್ತು. ಜಿಲಾನಿಸಾಬರು ಕಣ್ಣು ಬೇರೆಡೆ ಹೊರಳಿಸಿದರು. ಅಷ್ಟರಲ್ಲಿ ಶಾಕೀರಾ ಓಡೋಡಿ ಬಂದು ತನ್ನ ಮೊಬೈಲನ್ನು ಅವರ ಕಿವಿಗೆ ಒತ್ತಿದಳು. ಗುರುಗುಂಟಾಕ್ಕೆ ಸುದ್ದಿ ಮುಟ್ಟಿಸಿದ್ದಳಂತೆ. ಅಬ್ಬಾ ಅಳಿಯನೊಂದಿಗೇ ಮಾತಾಡಬೇಕೆಂದಿದ್ದಾರಂತೆ. ಅಷ್ಟು ಹೇಳಿ ಸಕ್ಕರೆ ಡಬ್ಬಿಯೊಂದಿಗೆ ಮತ್ತೆ ಹೊರಗೆ ಹೋದಳು.

ಆ ತುದಿಯಲ್ಲಿ ಎಂಬತ್ತೆಂಟು ವರ್ಷದ ಉಸಿರೊಂದು ಏರಿಳಿಯಿತು.

“ಶಾಕೀರಾ ಬಾಜೂಕ ಅದಾಳೇನು?”

“ಇಲ್ರಿ ಮಾಮಾ. ಓಣ್ಯಾಗ ಹೋಗ್ಯಾಳ.”

ಗೌಸ್‌ಸಾಬರ ದನಿ ತಗ್ಗಿತು.

“ಬೇಟಾ ಜಿಲಾನಿ, ಫೋಟೊ ಬಾಳ ಸಾಫ್ ಬಂದೈತೇನು?”