ಮಾತಿನ ಮಲ್ಲನೂ ಮುಳುಗುವ ಬಾತೂ

"ಒಂದೇ ವಾರ! ನನ್ನ ಮಗಳು ಪಟಪಟ ಮಾತಾಡದಿದ್ರೆ ನನ್ನ ಹೆಸರು ಬದಲಾಯಿಸಿಬಿಡು!" ಎಂದು ರೊಡೆಲಿಯೊ ಘೋಷಿಸಿದ.

"ಬದಲಾಯಿಸೋಣ. ಮೊದಲು ಅನ್ನ ಉಣ್ಣು," ಎಂದಳು ಹೆಂಡತಿ ನೆನಿತಾ.

ಇಲೊಯ್ಲೊ ಬಂದರಿನಲ್ಲಿ ದೋಣಿಗಳ ಹೊತ್ತನ್ನು ಮೈಕಿನಲ್ಲಿ ಕೂಗುವುದು ಅವನ ಕೆಲಸ. ಹದಿನೆಂಟು ವರ್ಷ ಮಾತನ್ನೇ ತಿಂದು ಬದುಕಿದವನು! ಮಗಳು ಅಮಿಹಾನ್‌ಗೆ ಒಂಬತ್ತು ವರ್ಷ, ಆಟಿಸಂ ಇತ್ತು. ಏನಿದ್ದರೂ ಎರಡು ಪದದಲ್ಲಿ ಮುಗಿಸುತ್ತಿದ್ದಳು. ಬೇರೆ ಮಕ್ಕಳು ಹತ್ತಿರ ಬಂದರೆ ಎದ್ದು ಹೋಗುತ್ತಿದ್ದಳು. ಬರುವ ಶನಿವಾರ ಕಲಿಕಾ ಕೇಂದ್ರದಲ್ಲಿ ಜೋವಿ ಎಂಬ ಹುಡುಗಿಯ ಜೊತೆ ಅವಳು ವಿಡಿಯೊ ಗೇಮ್ ಆಡಬೇಕಿತ್ತು. ಇಬ್ಬರೂ ಹೊಂದಿಕೊಂಡರಷ್ಟೇ ಗೆಲ್ಲುವ ಆಟ. ಅದನ್ನು ಮನೆಗೆ ಕೊಟ್ಟ ಜೊಸೆಲ್ ಟೀಚರ್, "ದಿನಾ ಅರ್ಧ ಗಂಟೆ ಜೊತೇಲಿ ಆಡಿ. ಪಾಠ ಮಾತ್ರ ಮಾಡ್ಬೇಡಿ," ಎಂದಿದ್ದರು.

ಪಾಠ ಮಾಡದೆ ಬಿಡಲು ರೊಡೆಲಿಯೊ ಏನು ಸಾಮಾನ್ಯನೇ!

ಆಟದಲ್ಲಿ ಒಂದು ಆಡು, ಒಂದು ಬಾತು. ಎರಡೂ ಸೇರಿ ಒಂದು ಬುಟ್ಟಿ ಬ್ರೆಡ್ಡನ್ನು ಹೊಳೆ ದಾಟಿಸಬೇಕು. ಆಡು ಚಂಗನೆ ಹಾರಿತು. "ನೋಡಿದ್ಯಾ ನನ್ನ ಕೈಚಳಕ!" ಎಂದು ರೊಡೆಲಿಯೊ ಬೀಗಿದ. ಬಾತು ಮಾತ್ರ ನೆಟ್ಟಗೆ ನೀರಿಗೆ ಬಿತ್ತು. ಎತ್ತಿದರೆ ಮತ್ತೆ ಬಿತ್ತು.

"ಅಮಿಹಾನ್, ಬಾತು ಹಿಡ್ಕೋ!"

"ನನ್ನದಲ್ಲ ಅಪ್ಪಾ."

ಜವಾಬ್ದಾರಿ ಒಪ್ಪಿಕೊಳ್ಳುವುದರ ಬಗ್ಗೆ ಹತ್ತು ನಿಮಿಷ ಭಾಷಣವಾಯಿತು. ಅಷ್ಟರಲ್ಲಿ ಬಾತು ಐದು ಸಲ ಮುಳುಗಿತ್ತು. ಮೂರು ದಿನ ಇದೇ ಕಥೆ. ಅವನಿಗೆ ತಲೆಬುಡ ತಿಳಿಯಲಿಲ್ಲ. ತಾನು ಸುಮ್ಮನಿದ್ದರೂ ತನ್ನ ಆಡು ಓಡುತ್ತದೆ. ತಾನು ಗುಂಡಿ ಒತ್ತಿದಾಗಲೇ ಮಗಳ ಬಾತು ನೀರಿಗೆ ಹಾರುತ್ತದೆ! ಏನು ಮಾಟವೋ!

ನಾಲ್ಕನೆಯ ದಿನ ತಾಳ್ಮೆ ಕೆಟ್ಟಿತು. "ಎಷ್ಟು ಸಲ ಹೇಳೋದು ನಿಂಗೆ!" ಎಂದು ಬಂದರಿನ ಗಂಟಲಲ್ಲೇ ಕೂಗಿದ. ಅಮಿಹಾನ್ ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ಸೇರಿದಳು.

ಸೌಟು ಹಿಡಿದೇ ಓಡಿ ಬಂದ ನೆನಿತಾ ಕೇಳಿದಳು: "ಮಾತು ಕಲಿಸ್ತೀಯೋ, ಇರೋ ಎರಡನ್ನೂ ಕಿತ್ಕೋತೀಯೋ?"

ರೊಡೆಲಿಯೊ ಆಟದ ರಿಮೋಟ್ ಹಿಡಿದೇ ಮೇಜಿನ ಪಕ್ಕ ನೆಲದ ಮೇಲೆ ಕುಳಿತ. ಬಹಳ ಹೊತ್ತಿನ ಮೇಲೆ ಪುಟ್ಟ ಕೈಯೊಂದು ಮೇಜಿನಡಿಯಿಂದ ಬಂದು, ಅವನ ಹೆಬ್ಬೆರಳು ಹಿಡಿದು ಗುಂಡಿ ಒತ್ತಿಸಿತು. ಪರದೆಯ ಮೇಲೆ ಬಾತು ಕುಪ್ಪಳಿಸಿತು.

"ಬಾತು ನೀನು," ಎಂದಳು ಅಮಿಹಾನ್.

ನೆನಿತಾಗೆ ನಗು ತಡೆಯಲಾಗಲಿಲ್ಲ. ರೊಡೆಲಿಯೊನ ಮುಖ ಬಾತುಹೋಯಿತು!

ಆಮೇಲೆ ಮಗಳೇ ಟೀಚರ್. "ನಿಲ್ಲು." "ಈಗ ಬಾ." "ಈಗ ಹಾರು." ಬಿದ್ದರೆ ಬೈಗುಳವಿಲ್ಲ, ಆಡು ಬಂದು ಎತ್ತುತ್ತಿತ್ತು. ಶುಕ್ರವಾರ ಬ್ರೆಡ್ಡು ಹೊಳೆ ದಾಟಿತು.

ಶನಿವಾರ ಜೋವಿಯೂ ತಡವರಿಸಿದಳು. ಅಮಿಹಾನ್ ಎದ್ದು ಹೋಗಲಿಲ್ಲ. ಕಾದಳು. "ಈಗ ಬಾ," ಎಂದಳು. ಜೋವಿ ಬಂದಳು! ಜೊಸೆಲ್ ಟೀಚರ್ ಕಣ್ಣೊರೆಸಿಕೊಂಡರು. ಜೋವಿಯ ಅಪ್ಪನಿಗೂ ಹುರುಪು ಬಂತು. "ನಾನೂ ಒಂದು ಕೈ ನೋಡ್ಲಾ?" ಎಂದು ಬಗ್ಗಿದ.

ಅಮಿಹಾನ್ ಬಾಯಿಂದ ಹುಟ್ಟಿದಂದಿನಿಂದ ಬಂದಿರದಷ್ಟು ಉದ್ದದ ಮಾತು ಬಂತು:

"ಬೇಡ ಅಂಕಲ್, ಒಬ್ಬ ಅಪ್ಪಂಗೆ ಕಲಿಸೋಕೇ ನಂಗೆ ಒಂದು ವಾರ ಹಿಡೀತು."