ಚಿಗುರು ಹಸಿರಿನ ಚೀಲಗಳು

"ಬಣ್ಣದ ಚಿಂತೆ ನಂಗೆ ಬಿಡು. ನಿನ್ನ ಲಾಂಡ್ರಿ ಚೀಲ ನೋಡೋಕೇ ಜನ ಸಾಲು ನಿಲ್ಬೇಕು, ಹಾಗೆ ಮಾಡ್ತೀನಿ," ಎಂದು ಬಣ್ಣಬ್ರಹ್ಮ ಹೆಂಡತಿಗೆ ಎದೆ ತಟ್ಟಿ ಹೇಳಿದ. ಕಂಪ್ಯೂಟರಿನಲ್ಲಿ ಪೊಟ್ಟಣ, ಚೀಲ, ಜಾಹೀರಾತುಗಳ ವಿನ್ಯಾಸ ಮಾಡುವುದು ಅವನ ಕಸುಬು. ಓಣಿಯವರೆಲ್ಲ ಅವನನ್ನು ಬಣ್ಣಬ್ರಹ್ಮ ಎಂದೇ ಕರೆಯುತ್ತಿದ್ದರು. ಬಿರುದು ಕೊಟ್ಟವನೂ ಅವನೇ!

ಲಾಂಡ್ರಿ ಹೆಂಡತಿಯ ಬಹುದಿನದ ಆಸೆ. ಕಾಗದದ ಚೀಲಗಳಿಗೆ ಅವಳು ಪ್ರೆಸ್ಸಿನವರ ಶಾಯಿ ಬಣ್ಣಗಳ ಮಾದರಿ ಪುಸ್ತಕದಿಂದ ಆರಿಸಿದ್ದು ಕಣ್ಣು ತಣಿಸುವ ಚಿಗುರು ಹಸಿರು. ಈ ಹಸಿರು ಮಾಮೂಲಿ ನಾಲ್ಕು ಶಾಯಿಗಳ ಬೆರಕೆಗೆ ಬಗ್ಗುವುದಿಲ್ಲ, ಬೇರೆಯೇ ಶಾಯಿ ಕಲಸಬೇಕು, ಅದು ಬೇಡವೆಂದರೆ ಮೊದಲು ಒಂದು ಮಾದರಿ ಪ್ರತಿಯನ್ನಾದರೂ ತೆಗೆದು ತೋರಿಸುತ್ತೇವೆ ಎಂದು ಪ್ರೆಸ್ಸಿನ ಯಜಮಾನರು ಎಚ್ಚರಿಸಿದರು. ಸೃಷ್ಟಿಕರ್ತನಿಗೇ ಪರೀಕ್ಷೆಯೇ! ನಾಲ್ಕು ಶಾಯಿ ಧಾರಾಳ, ಸುಮ್ಮನೆ ಅಚ್ಚು ಹಾಕಿ ಎಂದುಬಿಟ್ಟ ಬಣ್ಣಬ್ರಹ್ಮ.

ಫೈಲನ್ನು ನಾಲ್ಕು ಶಾಯಿಯ ಲೆಕ್ಕಕ್ಕೆ ಬದಲಾಯಿಸಿದ್ದೇ ತಡ, ಪರದೆಯ ಮೇಲಿನ ಹಸಿರು ಕಳೆಗುಂದಿತು. ಬ್ರಹ್ಮ ಬೆದರಲಿಲ್ಲ. ಪುಸ್ತಕದ ಹಸಿರನ್ನು ಪರದೆಯ ಪಕ್ಕ ಹಿಡಿದು, ಎರಡೂ ಒಂದಾಗುವವರೆಗೆ ಗುಂಡಿ ಒತ್ತಿದ. ಒಂದಾದವು. ಒತ್ತಿದ್ದು ಮಾತ್ರ ಪರದೆಯ ಹೊಳಪಿನ ಗುಂಡಿ! ಫೈಲಿನೊಳಗಿನ ಹಸಿರು ಬಾಡಿದ್ದು ಬಾಡಿದಂತೆಯೇ ಪ್ರೆಸ್ಸಿಗೆ ಹೋಯಿತು.

ಅಂಗಡಿ ತೆರೆಯುವ ಹಿಂದಿನ ದಿನ ಚೀಲಗಳು ಬಂದವು. ಕಟ್ಟು ಬಿಚ್ಚಿದರೆ ಚರಂಡಿ ಪಾಚಿ. ಹೆಂಡತಿ ಒಂದನ್ನು ಎರಡೇ ಬೆರಳಲ್ಲಿ ಎತ್ತಿದಳು.

"ಇದರೊಳಗೆ ಬಟ್ಟೆ ಹಾಕಿ ಕೊಡ್ಬೇಕಾ, ಇದನ್ನೇ ಒಗೀಬೇಕಾ?"

"ಪರದೆ ಮೇಲೆ ನೋಡು, ಸರಿಯಾಗೇ ಇದೆ."

"ಹಾಗಾದ್ರೆ ಬಂದೋರ ಬಟ್ಟೇನೂ ಪರದೆ ಮೇಲೇ ಒಗೆದುಕೊಡ್ತೀನಿ ಬಿಡಿ."

ಬ್ರಹ್ಮ ಒಂದು ಚೀಲವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಟ. ಪ್ರೆಸ್ಸಿಗೆ ಓಡಿದರೆ ಮತ್ತೆ ಅಚ್ಚು ಹಾಕಲು ವಾರ ಬೇಕೆಂದರು. ಇಂಗು ತಿಂದ ಮಂಗನಂತೆ ಮರಳಿದವನು ಹೆಂಡತಿಯ ತುಂಬಿದ ಕಣ್ಣು ಕಂಡು, ತಪ್ಪು ತನ್ನದೇ ಎಂದು ಒಪ್ಪಿಕೊಂಡ.

ಬೆಳಿಗ್ಗೆ ನೋಡಿದರೆ ಹೆಂಡತಿ ಅಂಗಡಿಯ ಬಾಗಿಲಲ್ಲೇ ಪಾಚಿ ಚೀಲ ತೂಗುಹಾಕಿದ್ದಾಳೆ, ಕೆಳಗೆ ‘ಒಗೆಯುವ ಮೊದಲು’ ಎಂಬ ಫಲಕ. ಪಕ್ಕದಲ್ಲಿ ಅವನದೇ ಬಿಳಿ ಅಂಗಿ, ‘ಒಗೆದ ಮೇಲೆ’. ಜನ ನಿಂತು ನಕ್ಕರು. ನಕ್ಕವರು ಮನೆಗೆ ಹೋಗಿ ಬಟ್ಟೆಯ ಗಂಟು ತಂದರು. ಮಧ್ಯಾಹ್ನದೊಳಗೆ ಕಪಾಟು ತುಂಬಿತು.

ಹಿರಿಯರೊಬ್ಬರು ಚೀಲವನ್ನು ಕನ್ನಡಕ ಏರಿಸಿ ನೋಡಿ, ಕೊಳೆಯನ್ನು ಇಷ್ಟು ಸಹಜವಾಗಿ ತಂದ ಕಲಾವಿದರು ಯಾರಮ್ಮ ಎಂದು ಕೇಳಿದರು.

ಮೂಲೆಯಲ್ಲಿ ತೆಪ್ಪಗೆ ಅಂಗಿ ಮಡಚುತ್ತಿದ್ದ ಗಂಡನತ್ತ ಅವಳು ಕೈ ತೋರಿಸಿದಳು.

"ನಮ್ಮನೆಯವರೇ. ಕೊಳೆ ಮಾಡೋದು ಅವರ ಇಲಾಖೆ, ತೊಳೆಯೋದು ನಂದು."